ನೆರಿ ಬಂತು, ಸಿಮೆಂಟ್ ಶೇರ್ ತಗೋರಿ ಅನ್ನೋ ದೋಸ್ತರಿಗೆ

1/6
ಕಲ್ಲೋಳ-ಯಡೂರ ಬ್ಯಾರೇಜ್ ಮುಳುಗಿದ ವಿಡಿಯೋ ಬಂದ್ರ ಸಾಕು, ಹಿಂದನ ಗ್ರೂಪ್‌ನ್ಯಾಗ ಒಂದು ಟಿಪ್: "ಮನಿ ಬೀಳ್ತಾವ, ಮತ್ತ ಕಟ್ಟಬೇಕು. ಸಿಮೆಂಟ್, ಸ್ಟೀಲ್ ಈಗ್ಲೇ ಎತ್ತಿಡ್ರಿ." ಹತ್ತು ಮಂದಿ ಥಂಬ್ಸಪ್. ಇದಕ್ಕ ಜಾಣತನ ಅಂತಾರೇನು?

2/6
ಮೊದಲು ಲೆಕ್ಕ. ಒಂದು ಸಣ್ಣ ಮನಿಗೆ 250 ಚೀಲ ಸಿಮೆಂಟ್ ಹಿಡೀರಿ, ಅಂದ್ರ 12.5 ಟನ್. 1 ಲಕ್ಷ ಮನಿ ಕಟ್ಟಿದ್ರೂ 12.5 ಲಕ್ಷ ಟನ್. ದೇಶದಾಗ ವರ್ಷಕ್ಕ ತಯಾರಾಗೋದು 30 ಕೋಟಿ ಟನ್‌ಗಿಂತ ಹೆಚ್ಚು. ಅರ್ಧ ಪರ್ಸೆಂಟೂ ಆಗಲಿಲ್ಲ! ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದೂ ಸೇರಿದ್ರೂ ದೊಡ್ಡ ಕಂಪನಿಯ ಲಾಭದಾಗ ಕಾಣಂಗಿಲ್ಲ.

3/6
ಎರಡನೇದು, ಮನಿ ಬಿದ್ದ ಕೂಡಲೇ ಸಿಮೆಂಟ್ ಮಾರಾಟ ಆಗಲ್ಲ. ರೊಕ್ಕ ಬಂದ ಮ್ಯಾಲೆ ಆಗ್ತದ. 2019ರ ಆಗಸ್ಟ್ ನೆನಪೈತಲ್ಲ? ಯಮಗರ್ಣಿ ಹತ್ರ ಹೈವೇ ಮ್ಯಾಲೆ ನೀರು, ಕುಡಚಿ ಸೇತುವೆ ನೀರಾಗ. ಪೂರ್ತಿ ಬಿದ್ದ ಮನಿಗೆ ಸರ್ಕಾರ 5 ಲಕ್ಷ ಘೋಷಿಸಿತು, ಆದ್ರ ಕೊಡೋದು ಕಂತಿನ್ಯಾಗ: ಅಡಿಪಾಯ ಹಾಕು, ಫೋಟೋ ತೆಗೆಸು, ಮುಂದಿನ ಕಂತಿಗೆ ಕಾಯಿ. ಕಬ್ಬು ಕೊಳೆತು ಕೈ ಖಾಲಿ ಆದವ ಅಡಿಪಾಯದಾಗ ನಿಂತ್ರ, ನಿಮ್ಮ "ಡಿಮ್ಯಾಂಡ್" ಎಲ್ಲಿಂದ ಬರ್ತದ?

4/6
ಮೂರನೇದು, ಟಿವಿಯೊಳಗ ಬಂದ ನೆರಿ ಮುಂಬೈಯ ಫಂಡ್ ಮ್ಯಾನೇಜರಿಗೂ ಕಂಡೈತಿ. ಬೆಲೆ ಏರೋದಿದ್ರ ನಿಮ್ಮ ಕೈಗೆ ಟಿಪ್ ಬರೋದ್ರಾಗ ಏರಿರ್ತದ. ಆಮ್ಯಾಲೆ ಕೊಳ್ಳೋವ್ರು ಯಾರು? ನೀವು.

5/6
"ಶೇರ್ ತಗೊಂಡ್ರ ಯಾರ ಅನ್ನ ಕಸ್ಕೊಂಡಂಗಾತು?" ಅಂತೀರಿ. ಯಾರದೂ ಇಲ್ಲ, ಒಪ್ತೀನಿ. ಕಂಪನಿ ಓದಿ, ವರ್ಷಗಟ್ಟಲೆ ಇಡ್ತೀನಿ ಅಂದ್ರ ತಗೋರಿ. ನನ್ನ ಜಗಳ ಶೇರಿನ ಜೊತಿ ಅಲ್ಲ. ಕೊಯ್ನಾ ಡ್ಯಾಮಿನಿಂದ ಎಷ್ಟು ಕ್ಯೂಸೆಕ್ ಬಿಟ್ರು ಅಂತ ನದಿ ದಂಡಿಯವ್ರು ಎದಿ ಹಿಡ್ಕೊಂಡು ನೋಡ್ತಾರ. ಅದೇ ನಂಬರ್ ಏರಲಿ ಅಂತ ನೀವು ಕಾಯೋಹಂಗ ಆದ್ರ, ನಷ್ಟ ಬರೇ ರೊಕ್ಕದ್ದಲ್ಲ.

6/6
ಮುಂದಿನ ಸಲ ನೀರು ಬಂದಾಗ ಚಾರ್ಟ್ ಬ್ಯಾಡ, ಪಕ್ಕದ ಬೆಂಚಿನ ದೋಸ್ತನ ಮನಿಗೆ ಹೋಗ್ರಿ. ಆಧಾರ್, ಪಾಸ್‌ಬುಕ್, ಉತಾರ ಸ್ಕ್ಯಾನ್ ಮಾಡಿ ಇಡ್ರಿ. ಬಿದ್ದ ಗ್ವಾಡಿ ತೆಗೆಯೋಕಿಂತ ಮೊದಲು ಫೋಟೋ ಹೊಡೀರಿ. ಹಾನಿ ಪಟ್ಟಿಯೊಳಗ ಹೆಸರು ಐತಿಲ್ಲೋ ಪಂಚಾಯತಿಗೆ ಹೋಗಿ ಕೇಳ್ರಿ. ಮನಿ ಮತ್ತ ಏಳೋದು ಹಿಂಗ.

ಟಿಪ್ ಫಾರ್ವರ್ಡ್ ಮಾಡಿದವನ್ನ ಟ್ಯಾಗ್ ಮಾಡ್ರಿ. ಸಿಟ್ಟಾದ್ರ ಆಗ್ಲಿ. 🌊

#ಚಿಕ್ಕೋಡಿ #ನಿಪ್ಪಾಣಿ #ರಾಯಬಾಗ #ಅಥಣಿ #ಕಾಗವಾಡ #ಕೃಷ್ಣಾನದಿ