ತೂಬು ಕಾಯುವವರು ಯಾರು?

ನಮ್ಮೂರ ಕೆರೆಯ ತೂಬಿಗೆ ಎರಡು ಕಲ್ಲುಕಂಬ. ಕಂಬಗಳ ನಡುವೆ ಅಡ್ಡ ಕೂರಿಸಿದ ಚಪ್ಪಡಿಗಳು, ಚಪ್ಪಡಿಯ ತೂತಿನಲ್ಲಿ ಇಳಿಬಿಟ್ಟ ಗಳ, ಗಳದ ತುದಿಗೆ ಮರದ ಬೆಣೆ. ಅದನ್ನು ಎಷ್ಟು ಎತ್ತಿದರೆ ಅಚ್ಚುಕಟ್ಟಿನ ಯಾವ ಗದ್ದೆಯವರೆಗೆ ನೀರು ಮುಟ್ಟುತ್ತದೆ ಎಂಬ ಲೆಕ್ಕ ಊರಿನಲ್ಲಿ ಒಬ್ಬರಿಗೇ ಗೊತ್ತಿತ್ತು. ಅವರು ನೀರುಗಂಟಿ ತಾತ. ಊರಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವರನ್ನು ಏಕವಚನದಲ್ಲೇ ಕೂಗುತ್ತಿದ್ದರು. ನಾನು ಬಹುವಚನ ಕಲಿತದ್ದು ಬಹಳ ತಡವಾಗಿ.

ನನಗಾಗ ಎಂಟೋ ಒಂಬತ್ತೋ ವರ್ಷ. ಚಿತ್ತೆ ಮಳೆ ಎರಡು ದಿನದಿಂದ ಬಿಟ್ಟಿರಲಿಲ್ಲ. ನಡುರಾತ್ರಿ ತಮಟೆ ಸದ್ದಾಯಿತು. ಏರಿಯ ಬುಡದಲ್ಲಿ ನೀರು ಜಿನುಗುತ್ತಿದೆ ಎಂದು ತಾತ ಊರನ್ನೆಬ್ಬಿಸಿದ್ದರು. ಅಪ್ಪ ಲಾಟೀನು ಹಿಡಿದು ಓಡಿದರು, ಬೇಡವೆಂದರೂ ಕೇಳದೆ ಹಿಂದೆ ನಾನು. ಏರಿಯ ಮೇಲೆ ಊರಿಗೆ ಊರೇ ನಿಂತಿತ್ತು. ಗೋಣಿಚೀಲಕ್ಕೆ ಮಣ್ಣು ತುಂಬುವವರು, ಹುಲ್ಲಿನ ಹೊರೆ ಹೊತ್ತು ತರುವವರು, ಜೇಡಿ ತುಳಿಯುವವರು. ತಾತ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಕತ್ತಲೆಯ ನೀರಿಗಿಳಿದರು. ಹಗ್ಗದ ಇನ್ನೊಂದು ತುದಿ ನಾಲ್ಕು ಜನರ ಕೈಯಲ್ಲಿತ್ತು. ಹುಲ್ಲು, ಜೇಡಿ ಕಲಸಿದ ಉಂಡೆಗಳನ್ನು ಒಂದೊಂದಾಗಿ ಒಯ್ದು, ಮುಳುಗಿ, ತೂತಿಗೆ ಮೆತ್ತಿ, ಮೇಲೆದ್ದು ಉಸಿರೆಳೆದುಕೊಂಡು ಮತ್ತೆ ಮುಳುಗಿದರು. ಅವರು ದಡ ಹತ್ತುವಾಗ ಕೋಳಿ ಕೂಗಿತ್ತು. ಏರಿ ಉಳಿಯಿತು.

ಆ ರಾತ್ರಿಯನ್ನು ಈಗ ನೆನೆಯಲು ಕಾರಣ ಒಂದು ಪದ. ‘ಇಕೋಸಿಸ್ಟಮ್’ ಎಂಬ ಪದವನ್ನು ಬ್ರಿಟನ್ನಿನ ಸಸ್ಯವಿಜ್ಞಾನಿ ಆರ್ಥರ್ ಟಾನ್ಸ್ಲಿ ಅಚ್ಚಿಗೆ ತಂದದ್ದು 1935ರಲ್ಲಿ. ಗಿಡ, ಪ್ರಾಣಿಗಳನ್ನಷ್ಟೇ ನೋಡಿದರೆ ಸಾಲದು, ಅವು ನಿಂತ ಮಣ್ಣು, ಕುಡಿವ ನೀರು, ಬೀಳುವ ಬಿಸಿಲು ಎಲ್ಲವನ್ನೂ ಸೇರಿಸಿ ಇಡಿಯಾಗಿ ನೋಡಬೇಕು ಎಂದರು ಅವರು. ಮನುಷ್ಯನ ಚಟುವಟಿಕೆಯನ್ನೂ ಆ ಲೆಕ್ಕದಿಂದ ಹೊರಗಿಡಬಾರದು ಎಂಬ ಮಾತು ಅದೇ ಬರಹದಲ್ಲಿದೆ. 1993ರಲ್ಲಿ ಅಮೆರಿಕದ ಜೇಮ್ಸ್ ಮೂರ್ ಅದೇ ಪದವನ್ನು ವ್ಯಾಪಾರದ ಲೋಕಕ್ಕೆ ಒಯ್ದರು. ಇವತ್ತು ಬೆಂಗಳೂರಿನ ಹೊರವರ್ತುಲ ರಸ್ತೆಯ ಯಾವ ಕಚೇರಿಯಲ್ಲಿ ಕೂತರೂ ದಿನಕ್ಕೆ ಹತ್ತು ಸಲ ಅದು ಕಿವಿಗೆ ಬೀಳುತ್ತದೆ. ಸ್ಟಾರ್ಟಪ್ ಇಕೋಸಿಸ್ಟಮ್, ಆ್ಯಪ್‌ಗಳ ಇಕೋಸಿಸ್ಟಮ್. ನಾನೂ ಅಲ್ಲಿಯೇ ದುಡಿಯುವವನು. ಆ ಪದದ ಮೇಲೆ ನನಗೆ ಮುನಿಸಿಲ್ಲ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಒದಗದೆ ಏನೂ ನಡೆಯದು ಎಂಬ ಸತ್ಯ ಅದರಲ್ಲಿದೆ. ನಮ್ಮ ಕಿಟಕಿಯಿಂದ ಕಾಣುವುದು ಮಾತ್ರ ಬೆಳ್ಳಂದೂರು ಕೆರೆ.

ಸುಮಾರು 900 ಎಕರೆ, ಬೆಂಗಳೂರಿನ ಅತಿ ದೊಡ್ಡ ಕೆರೆ. ಅದಕ್ಕೆ 2015ರಲ್ಲಿ ಬೆಂಕಿ ಬಿತ್ತು, 2017ರಲ್ಲಿ ಬಿತ್ತು, 2018ರ ಜನವರಿಯಲ್ಲಿ ಮತ್ತೆ ಬಿದ್ದಾಗ ಸೈನಿಕರೂ ಬಂದು ನಂದಿಸಬೇಕಾಯಿತು. ನೀರಿಗೆ ಬೆಂಕಿ! ಹಿಂದಿನವರಿಗೆ ಹೇಳಿದ್ದರೆ ಕಥೆ ಕಟ್ಟುತ್ತೀಯಾ ಎನ್ನುತ್ತಿದ್ದರು. ಬೆಂಕಿಯಷ್ಟೇ ಅಲ್ಲ, ನೊರೆಯೂ ಎದ್ದಿತು. ಆ ನೊರೆ ಎಲ್ಲಿಂದ ಬಂತೆಂದು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ನನ್ನ ಮನೆಯ ಬಟ್ಟೆ ಒಗೆದ ನೀರು, ನಿಮ್ಮ ಮನೆಯ ಪಾತ್ರೆ ತೊಳೆದ ನೀರು, ಮೇಲಿನ ಅಪಾರ್ಟ್‌ಮೆಂಟುಗಳ ಕಕ್ಕಸಿನ ನೀರು ರಾಜಕಾಲುವೆಯಲ್ಲಿ ಕೂಡಿ ಕೆರೆಗಿಳಿಯುತ್ತದೆ. ಕೋಡಿಯಲ್ಲಿ ಧುಮುಕುವಾಗ ಸೋಪಿನ ಅಂಶ ಕಡೆದು ನೊರೆಯಾಗುತ್ತದೆ. ಕೆಳಗಿನ ವರ್ತೂರು ಕೆರೆಯ ಕೋಡಿಯ ಬಳಿ ಆ ನೊರೆಯ ತುಂಡೊಂದು ಗಾಳಿಗೆ ಹಾರಿ ಬಂದು ಶಾಲೆಗೆ ಹೊರಟಿದ್ದ ಹುಡುಗಿಯೊಬ್ಬಳ ಜಡೆಗೆ ಅಂಟಿತು. ಅವಳ ತಾಯಿ ಸೆರಗಿನಿಂದ ಒರೆಸಿದರು, ಸೆರಗು ಮೂಸಿ ಮುಖ ತಿರುಗಿಸಿದರು. ನಾನು ಬೈಕ್ ನಿಲ್ಲಿಸಿ ನೋಡುತ್ತಾ ನಿಂತೆ. ಅದರಲ್ಲಿ ನನ್ನ ಮನೆಯ ಸೋಪೂ ಇತ್ತು.

ಕೆರೆ ಎಂದರೆ ನೀರು ತುಂಬಿದ ಗುಂಡಿ ಎಂದು ನಂಬಿದ ದಿನವೇ ನಾವು ಎಡವಿದೆವು. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ಬಯಲುಸೀಮೆಯಲ್ಲಿ ನಮ್ಮ ಹಿರಿಯರು ಒಂಟಿ ಕೆರೆ ಕಟ್ಟಲಿಲ್ಲ, ಕೆರೆಗಳ ಸರಪಣಿ ಕಟ್ಟಿದರು. ಮೇಲಿನದರ ಕೋಡಿ ಕೆಳಗಿನದರ ಒಡಲು ತುಂಬುತ್ತಿತ್ತು. ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂದು 19ನೇ ಶತಮಾನದಲ್ಲಿ ಮೈಸೂರು ಸಂಸ್ಥಾನ ಸುತ್ತಿದ ಎಂಜಿನಿಯರ್ ಸ್ಯಾಂಕಿ ಬೆರಗಾಗಿ ಬರೆದಿದ್ದುಂಟು. ಬೇಸಿಗೆಯಲ್ಲಿ ರೈತರು ಗಾಡಿ ಹೂಡಿ ಹೂಳು ಹೊಡೆಯುತ್ತಿದ್ದರು. ಮಳೆಗೆ ಹೊಲದಿಂದ ಕೊಚ್ಚಿ ಹೋದ ಮಣ್ಣು ಹೀಗೆ ಹೊಲಕ್ಕೇ ಮರಳುತ್ತಿತ್ತು, ಕೆರೆಯೂ ಆಳವಾಗುತ್ತಿತ್ತು. ಕುಂಬಾರರಿಗೆ ಜೇಡಿ, ಕುರಿಗಾಹಿಗೆ ಅಂಗಳದ ಹುಲ್ಲು, ಗದ್ದೆಗೆ ಗುಂಡುತೋಪಿನ ಹೊಂಗೆ ಸೊಪ್ಪು, ಕೊಕ್ಕರೆಗೆ ಮೀನು. ದುರಸ್ತಿಗೆಂದು ಬಿಟ್ಟ ಭೂಮಿಗೆ, ದಾನಕ್ಕೆ ನಮ್ಮ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರುಗಳೇ ಇವೆ. ಕಟ್ಟುವಷ್ಟೇ ಕಾಯುವುದೂ ಕೆಲಸ ಎಂದು ಕಲ್ಲಿನಲ್ಲಿ ಕೆತ್ತಿಟ್ಟ ಜನ ಅವರು. ನೀರು ಕಡಿಮೆಯಾದ ವರ್ಷ ಅಚ್ಚುಕಟ್ಟಿನ ಎಷ್ಟು ಪಾಲು ನಾಟಿ ಮಾಡಬೇಕೆಂದು ಊರು ಕೂತು ತೀರ್ಮಾನಿಸುತ್ತಿತ್ತು. ಅದನ್ನು ಜಾರಿಗೆ ತರುತ್ತಿದ್ದವರು ನೀರುಗಂಟಿ. ಹಂಚಿಕೊಂಡ ಸೊತ್ತನ್ನು ಜನ ತಾವೇ ನಿಯಮ ಮಾಡಿಕೊಂಡು ಉಳಿಸಿಕೊಳ್ಳಬಲ್ಲರು ಎಂದು ತೋರಿಸಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನೇಪಾಳದ ರೈತರು ತಾವೇ ನಡೆಸುವ ಕಾಲುವೆಗಳನ್ನು ನೋಡಿ ಅವರು ಕಂಡುಕೊಂಡದ್ದು ನಮ್ಮ ಏರಿಯ ಮೇಲೂ ಒಂದು ಕಾಲಕ್ಕೆ ಇತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಸುಳ್ಳು ಹೇಳಿದಂತೆ. ಏರಿ ಉಳಿದ ಬೆಳಿಗ್ಗೆ ನೀರುಗಂಟಿ ತಾತ ನಮ್ಮ ಮನೆಯ ಜಗುಲಿಯಿಂದಾಚೆ ನಿಂತು ನೀರು ಕೇಳಿದರು. ಅಜ್ಜಿ ಚೊಂಬು ಎತ್ತರಕ್ಕೆ ಹಿಡಿದು ಹೊಯ್ದರು, ಅವರು ಬಾಗಿ ಬೊಗಸೆಯೊಡ್ಡಿ ಕುಡಿದರು. ಊರಿಗೆಲ್ಲ ನೀರು ಹಂಚಿದ ಕೈ ಅದು. ಕೆರೆಯ ನೀರಿಗಾಗಿಯೇ ಅಂಬೇಡ್ಕರರು 1927ರ ಮಾರ್ಚ್ 20ರಂದು ಮಹಾಡಿನಲ್ಲಿ ಸಾವಿರಾರು ಜನರೊಡನೆ ನಡೆದು ಹೋಗಿ ಚವದಾರ್ ಕೆರೆಯಲ್ಲಿ ಬೊಗಸೆ ಅದ್ದಿದ್ದರು. ಹಳ್ಳಿಯ ಹೊಂದಾಣಿಕೆಯನ್ನು ಹಾಡಿ ಹೊಗಳುವವರು ಈ ಬೊಗಸೆಯನ್ನು ಮರೆಯಬಾರದು. ಒಬ್ಬರ ಕುತ್ತಿಗೆಯ ಮೇಲೆ ಕಾಲಿಟ್ಟು ನಿಂತ ವ್ಯವಸ್ಥೆಗೆ ಸಹಕಾರ ಎಂಬ ಹೆಸರು ಸಲ್ಲದು. ಹುಟ್ಟಿನಿಂದ ಬರುವ ಹಳ್ಳಿ ಹುದ್ದೆಗಳನ್ನು ತೆಗೆದುಹಾಕಿದ 1961ರ ಕಾಯ್ದೆ ಬಂದದ್ದು ನ್ಯಾಯವೇ.

ಅನ್ಯಾಯ ನಡೆದದ್ದು ಆಮೇಲೆ. ಹುದ್ದೆಯನ್ನು ತೆಗೆದೆವು, ಕೆಲಸವನ್ನು ಯಾರಿಗೂ ಕೊಡಲಿಲ್ಲ. ನಮ್ಮೂರಲ್ಲಿ ಹಳೆಯ ರೂಢಿಯ ಮೇಲೆ ತಾತ ತಾವಿರುವವರೆಗೆ ಕಾದರು, ಅವರ ನಂತರ ಯಾರೂ ಇಲ್ಲ. ನಲವತ್ತು ಹೆಕ್ಟೇರಿಗಿಂತ ದೊಡ್ಡ ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಚಿಕ್ಕದು ಪಂಚಾಯಿತಿಗೆ, ಕಾಲುವೆ ಇನ್ನೊಬ್ಬರಿಗೆ, ಮೀನು ಮತ್ತೊಬ್ಬರಿಗೆ. ನಮ್ಮ ಕೆರೆ ಸರ್ಕಾರದ ಕೆರೆಯಾಯಿತು. ಮಳೆ ಬಂದ ರಾತ್ರಿ ತಮಟೆ ಬಾರಿಸುವವರು ಇಲ್ಲವಾದರು. ಗೋಮಾಳಕ್ಕೆ ನೀಲಗಿರಿ ಬಂತು. ಅದರ ನಾಟಿಯನ್ನು ರಾಜ್ಯ ನಿಷೇಧಿಸುವ ಹೊತ್ತಿಗೆ 2017 ಆಗಿತ್ತು. ಕೊಳವೆಬಾವಿ ಸಾವಿರ ಅಡಿ ದಾಟಿತು, ಮೇಲೆ ಬಂದ ನೀರಿನಲ್ಲಿ ಫ್ಲೋರೈಡ್. ಮನೆಗೊಂದು ಕೊಳವೆಬಾವಿ ಇದ್ದವರಿಗೆ ಊರಿಗೊಂದು ಕೆರೆ ಯಾಕೆ ಬೇಕು? ನೆಲದಡಿಯ ನೀರು ಕೂಡ ಹಂಚಿಕೊಂಡ ನೀರೇ ಎಂಬುದನ್ನು ಯಾರೂ ಹೇಳಲಿಲ್ಲ, ಹೇಳಿದ್ದರೂ ನಾವು ಕೇಳುತ್ತಿರಲಿಲ್ಲ. ನಮ್ಮಪ್ಪನೂ ನಾಲ್ಕು ಕೊರೆಸಿದರು. ಮೂರರಲ್ಲಿ ಧೂಳು ಬಂತು.

ಈಗ ನೋಡಿ, ನೀರು ಎಂಥ ಸುತ್ತು ಹಾಕಿ ಬಂದಿದೆ. 2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧಗೊಳಿಸಿ ಕೊಳವೆಯಲ್ಲಿ ಕೋಲಾರದ ಕೆರೆಗಳಿಗೆ ಎತ್ತಿ ಹರಿಸುತ್ತಿದ್ದಾರೆ. ದಿನಕ್ಕೆ 44 ಕೋಟಿ ಲೀಟರ್, 126 ಕೆರೆ ಎಂಬುದು ಮೂಲ ಯೋಜನೆ. ಬತ್ತಿದ ತೆರೆದ ಬಾವಿಗಳಲ್ಲಿ ನೀರು ಕಂಡಿದೆ, ಅದು ಸಣ್ಣ ಮಾತಲ್ಲ. ಮೊದಲ ವರ್ಷವೇ ನೊರೆಯೂ ಕಂಡು ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಮೂರನೆಯ ಹಂತದ ಶುದ್ಧೀಕರಣ ಬೇಕೆಂದು ನನ್ನ ಜಿಲ್ಲೆಯ ಜನ ಕೇಳುತ್ತಲೇ ಇದ್ದಾರೆ. ಬೆಂಗಳೂರಿನ ಬಚ್ಚಲಲ್ಲಿ ನಾನು ಚೆಲ್ಲಿದ್ದು ಕೋಲಾರದಲ್ಲಿ ನನ್ನ ತಂಗಿಯ ಟೊಮೆಟೊ ತೋಟದ ಬೇರಿಗೆ ಮುಟ್ಟುತ್ತಿದೆ. ಇದಕ್ಕಿಂತ ದೊಡ್ಡ ಇಕೋಸಿಸ್ಟಮ್ ಯಾವುದಿದೆ?

ಕೆಟ್ಟ ಕೆರೆಯನ್ನು ಉಳಿಸಲು ಆಗದು ಎನ್ನುವವರು ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಗೆ ಒಮ್ಮೆ ಹೋಗಿ ಬನ್ನಿ. ಕೊಳಚೆ, ಕಸ ತುಂಬಿದ್ದ ಕೆರೆಯನ್ನು ಸುತ್ತಲಿನ ನಿವಾಸಿಗಳು ಪಾಲಿಕೆಯ ಎಂಜಿನಿಯರುಗಳ ಜೊತೆ ಕೂತು, ಜಗಳವಾಡಿ, ಮತ್ತೆ ಕೂತು ಬದುಕಿಸಿಕೊಂಡರು. ಈಗ ಅಲ್ಲಿ ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತವೆ. ಆದರೂ ಕಾವಲು ಒಂದು ವರ್ಷ ಸಡಿಲಾದರೆ ಕೊಳಚೆ ಮತ್ತೆ ನುಗ್ಗುತ್ತದೆ ಎಂದು ಅವರೇ ಹೇಳುತ್ತಾರೆ.

ಅದಕ್ಕೇ ಕೇಳುತ್ತಿದ್ದೇನೆ, ಕೈಮುಗಿದು ಕೇಳುತ್ತಿದ್ದೇನೆ. ನಿಮ್ಮ ಮನೆಯ ನೀರು ಯಾವ ಕೆರೆಗೆ ಹೋಗುತ್ತದೆ ಎಂದು ಈ ವಾರ ಹುಡುಕಿ. ಅಪಾರ್ಟ್‌ಮೆಂಟಿನ ಶುದ್ಧೀಕರಣ ಘಟಕ ನಿಜವಾಗಿ ಓಡುತ್ತಿದೆಯೋ, ತಪಾಸಣೆಯ ದಿನ ಮಾತ್ರ ಓಡುತ್ತದೆಯೋ, ಇಳಿದು ಹೋಗಿ ನೋಡಿ. ಹಳ್ಳಿಯಲ್ಲಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೆರೆಯ ಸರ್ವೆ ನಕ್ಷೆ ಕೇಳಿ, ಕಾಲುವೆ ಒತ್ತುವರಿ ಮಾಡಿದವರು ನಿಮ್ಮ ಸೋದರಮಾವನಾದರೂ ಬಾಯಿ ಕಟ್ಟಿಕೊಳ್ಳಬೇಡಿ. ಪ್ರತಿ ಕೆರೆಗೂ ಒಬ್ಬ ನೀರುಗಂಟಿ ಬೇಕೆಂದು ಒತ್ತಾಯಿಸಿ. ಜಾತಿ ನೋಡದೆ ನೇಮಿಸಿದ, ಹೆಣ್ಣೋ ಗಂಡೋ, ತಿಂಗಳ ಸಂಬಳ ಪಡೆಯುವ, ಊರಿನ ಮುಂದೆ ಕುರ್ಚಿಯಲ್ಲಿ ಕೂರುವ ನೀರುಗಂಟಿ. ಕಂಪನಿ ನಡೆಸುವ ಗೆಳೆಯರೇ, ನಿಮ್ಮ ಕಟ್ಟಡದ ಗೋಡೆಗೆ ಬರೆಸಿಕೊಂಡ ಆ ಪದಕ್ಕೆ ನೀವೂ ಋಣಿಗಳು. ವರ್ಷಕ್ಕೊಂದು ದಿನ ಟೀಶರ್ಟ್ ಹಾಕಿ ಕಸ ಹೆಕ್ಕಿದರೆ ಆ ಋಣ ತೀರುವುದಿಲ್ಲ. ನಿಮ್ಮ ಕೊಳಚೆಯ ಕೊನೆಯ ಹನಿಯವರೆಗೆ ಲೆಕ್ಕ ಕೊಡಿ.

ಹೋದ ತಿಂಗಳು ಊರಿಗೆ ಹೋದಾಗ ನೀರುಗಂಟಿ ತಾತನ ಮೊಮ್ಮಗಳ ಜೊತೆ ಮೇಲಿನ ಕೆರೆಯ ಕೋಡಿಯಿಂದ ನಮ್ಮ ಕೆರೆಯವರೆಗೆ ಕಾಲುವೆಯುದ್ದಕ್ಕೂ ನಡೆದೆ. ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವ ಹೆಣ್ಣುಮಗಳು. ಎರಡು ಕಡೆ ಲಂಟಾನ ಕಟ್ಟಿಕೊಂಡಿದೆ, ಒಂದು ಕಡೆ ಯಾರೋ ಮನೆ ಕೆಡವಿದ ಇಟ್ಟಿಗೆ ಸುರಿದಿದ್ದಾರೆ. ತೂಬಿನ ಬಳಿ ಬಂದಾಗ ಆಕೆ ಕಲ್ಲುಕಂಬಕ್ಕೆ ಕೈಯಾನಿಸಿ ನಿಂತಳು. ಕೆರೆ ನೋಡಿಕೊಳ್ಳುವವರು ಯಾರಾದರೂ ಸಿಗುತ್ತಾರಾ ಎಂದು ನಾನು ಕೇಳಿದೆ.

“ನಾನೇ ನೋಡ್ಕೋತೀನಣ್ಣ. ಪಂಚಾಯ್ತಿಯವ್ರು ಆರ್ಡರ್ ಕೊಡ್ಲಿ, ಸಂಬಳ ಕೊಡ್ಲಿ. ತಾತನ ಥರ ಬೊಗಸೆ ಒಡ್ಡಿಕೊಂಡು ನಿಲ್ಲಲ್ಲ.”

ಆಕೆಯ ಅರ್ಜಿ ಮುಂದಿನ ಗ್ರಾಮಸಭೆಗೆ ಹೋಗುತ್ತದೆ. ಮುಂಗಾರಿಗೆ ಇನ್ನು ಕೆಲವೇ ವಾರ. ಅಷ್ಟರಲ್ಲಿ ಕಾಲುವೆ ತೆರೆಯಬೇಕು. ಬರುವ ಭಾನುವಾರ ಬೆಳಿಗ್ಗೆ ಆರಕ್ಕೆ ಇಟ್ಟಿಗೆ ಗುಡ್ಡೆಯ ಹತ್ತಿರ ಸೇರುತ್ತಿದ್ದೇವೆ. ಗುದ್ದಲಿ, ಮಂಕರಿ ಅಲ್ಲಿಯೇ ಇರುತ್ತವೆ. ಕುಡಿಯುವ ನೀರು ಒಂದೇ ಕೊಡದಲ್ಲಿ, ಎಲ್ಲರಿಗೂ ಅದೇ ಲೋಟ.