ವ್ರತ ನಮ್ಮದು, ಕಾನೂನು ಎಲ್ಲರದು

ಜೈನಾಚಾರದಲ್ಲಿ ವ್ರತವೆಂದರೆ ವಿರತಿ. ಹಿಂಸೆ, ಅಸತ್ಯ, ಕಳವು, ಅಬ್ರಹ್ಮ, ಪರಿಗ್ರಹ ಎಂಬ ಐದರಿಂದ ಹಿಂದೆ ಸರಿಯುವುದೇ ವ್ರತವೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ನಿರೂಪಿಸಿದ್ದಾರೆ. ಹಿಂದೆ ಸರಿಯಬೇಕಾದವನು ವ್ರತಿಯೇ. ಮತ್ತೊಬ್ಬರು ರಟ್ಟೆ ಹಿಡಿದು ಎಳೆದರೆ ಅದು ವ್ರತವಾಗದು. ಅನ್ನ ಸಿಗದೆ ಹಸಿದಿರುವುದು ಉಪವಾಸವಾಗದ ಹಾಗೆ. ಮುನಿಗಳಿಗೆ ಮಹಾವ್ರತವನ್ನೂ ಗೃಹಸ್ಥರಿಗೆ ಅಣುವ್ರತವನ್ನೂ ಹೇಳಿದ ಧರ್ಮವು ತನ್ನವರ ಮೇಲೆಯೇ ಒಂದೇ ಅಳತೆಯ ಹೊರೆಯನ್ನು ಹೊರಿಸಲಿಲ್ಲ. ಶಕ್ತಿಯನ್ನರಿತು, ಮನಸ್ಸೊಪ್ಪಿ, ಗುರುಸಾಕ್ಷಿಯಾಗಿ ಸ್ವೀಕರಿಸಿದ್ದೇ ವ್ರತ. ಧರ್ಮಕ್ಕೂ ರಾಜ್ಯದ ಕಾನೂನಿಗೂ ಇರಬೇಕಾದ ಸಂಬಂಧವನ್ನು ಆಲೋಚಿಸುವಾಗ ಈ ಒಂದು ಮಾತು ನಮಗೆ ದಾರಿದೀಪವಾಗಬಲ್ಲದು.

2015ರಲ್ಲಿ ಕೆಲವೇ ವಾರಗಳ ಅಂತರದಲ್ಲಿ ಜೈನ ಸಮಾಜದ ಮುಂದೆ ಎರಡು ಪ್ರಸಂಗಗಳು ಬಂದವು. ಆ ವರ್ಷದ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಸಲ್ಲೇಖನವನ್ನು (ಅಲ್ಲಿನವರು ಸಂಥಾರಾ ಎನ್ನುತ್ತಾರೆ) ಆತ್ಮಹತ್ಯೆಯ ಯತ್ನವೆಂದು ಪರಿಗಣಿಸಬೇಕು, ಅದಕ್ಕೆ ನೆರವಾದವರನ್ನು ಪ್ರಚೋದನೆಯ ಅಪರಾಧಕ್ಕೆ ಗುರಿಪಡಿಸಬೇಕು ಎಂದು ತೀರ್ಪಿತ್ತಿತು. ಈ ಆಚರಣೆಯು ಧರ್ಮದ ಅತ್ಯಾವಶ್ಯಕ ಅಂಗವೆಂದು ಸಿದ್ಧಪಟ್ಟಿಲ್ಲವೆಂಬುದು ನ್ಯಾಯಾಲಯದ ಮುಖ್ಯ ಕಾರಣ. ಯಾವುದು ಧರ್ಮದ ಅತ್ಯಾವಶ್ಯಕ ಅಂಗವೆಂದು ನ್ಯಾಯಾಲಯಗಳು ಪರಿಶೀಲಿಸುವ ಈ ಪದ್ಧತಿಗೆ ಮೂಲವಾದದ್ದು ನಮ್ಮ ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1954ರಲ್ಲಿ ಕೊಟ್ಟ ತೀರ್ಪು. ಅತ್ಯಾವಶ್ಯಕವಾದದ್ದು ಯಾವುದೆಂಬುದನ್ನು ಮೊದಲಿಗೆ ಆಯಾ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕೆಂದು ಅಂದು ಹೇಳಲಾಗಿತ್ತು.

ನಮ್ಮ ನಾಡಿನವರಿಗೆ ಇದನ್ನು ಸಿದ್ಧಪಡಿಸಲು ಗ್ರಂಥಗಳೂ ಬೇಕಿರಲಿಲ್ಲ. ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ, ಊರೂರ ನಿಷಿಧಿಗಲ್ಲುಗಳ ಮೇಲೆ ಸಮಾಧಿಮರಣದ ದಾಖಲೆಗಳಿವೆ. ಹಿಂದೆ ನಮ್ಮ ಜಿಲ್ಲೆಯಲ್ಲಿಯೇ ಇದ್ದ ಬಂಕಾಪುರದಲ್ಲಿ ಗಂಗರ ದೊರೆ ಮಾರಸಿಂಹನು ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನವನ್ನು ಕೈಗೊಂಡನು. ತೀರ್ಪಿನ ವಿರುದ್ಧ ದೇಶದಾದ್ಯಂತ ಶ್ರಾವಕ ಶ್ರಾವಿಕೆಯರು ಮೌನ ಮೆರವಣಿಗೆ ನಡೆಸಿದರು. ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಅದಕ್ಕೆ ತಡೆಯಾಜ್ಞೆ ನೀಡಿತು. ಅಂದು ನಾವು ರಾಜ್ಯಕ್ಕೆ ಹೇಳಿದ ಮಾತಿನ ಸಾರವಿಷ್ಟು: ಇದು ಸ್ವಂತ ಇಚ್ಛೆಯಿಂದ ಸ್ವೀಕರಿಸಿದ ವ್ರತ, ಇದರಿಂದ ಅನ್ಯರಿಗೆ ಬಾಧೆಯಿಲ್ಲ, ಇದರೊಳಗೆ ಸರ್ಕಾರ ಕೈಯಿಡಬಾರದು.

ಮುಂದಿನ ತಿಂಗಳೇ ಎರಡನೆಯ ಪ್ರಸಂಗ. ಪರ್ಯೂಷಣ ಪರ್ವದ ನಿಮಿತ್ತ ಮುಂಬೈಯಲ್ಲಿ ಕೆಲವು ದಿನ ಮಾಂಸ ಮಾರಾಟವನ್ನು ನಿಷೇಧಿಸಿದ ಆದೇಶ ದೊಡ್ಡ ವಿವಾದವಾಯಿತು; ಬಾಂಬೆ ಹೈಕೋರ್ಟ್ ಮಾರಾಟದ ನಿಷೇಧಕ್ಕೆ ತಡೆಯಿತ್ತಿತು. ಇಂಥ ಆದೇಶಗಳಿಗೆ ಕಾನೂನಿನ ಬೆಂಬಲವೇ ಇಲ್ಲವೆಂದಲ್ಲ. ಅಹಮದಾಬಾದಿನಲ್ಲಿ ಪರ್ಯೂಷಣದ ಒಂಬತ್ತು ದಿನ ಕಸಾಯಿಖಾನೆಗಳನ್ನು ಮುಚ್ಚಿಸಿದ್ದನ್ನು ಸುಪ್ರೀಂ ಕೋರ್ಟ್ 2008ರಲ್ಲಿ ಎತ್ತಿಹಿಡಿದಿದೆ. ಅಲ್ಪಾವಧಿಯ, ಸಮಂಜಸವಾದ ನಿರ್ಬಂಧವೆಂಬುದು ಅದರ ತರ್ಕ. ಕರ್ನಾಟಕದ ನಗರಗಳಲ್ಲಿಯೂ ಮಹಾವೀರ ಜಯಂತಿಯಂದು ಮಾಂಸದಂಗಡಿಗಳನ್ನು ಮುಚ್ಚಿಸುವುದುಂಟು.

ಆದುದರಿಂದ ಇಲ್ಲಿರುವ ಪ್ರಶ್ನೆ ನ್ಯಾಯಾಲಯ ಎಷ್ಟು ದಿನ ಕೊಟ್ಟೀತು ಎಂಬುದಲ್ಲ. ಶ್ರಾವಕನು ಅದನ್ನು ಕೇಳಬೇಕೇ ಎಂಬುದು. ನಮ್ಮ ವ್ರತದೊಳಗೆ ಸರ್ಕಾರದ ಕೈ ಬರಬಾರದೆಂದು ಆಗಸ್ಟಿನಲ್ಲಿ ವಾದಿಸಿದವರು ನಮ್ಮ ವ್ರತವನ್ನು ನೆರೆಯವನ ಮೇಲೆ ಹೊರಿಸಲು ಸೆಪ್ಟೆಂಬರಿನಲ್ಲಿ ಅದೇ ಕೈಯನ್ನು ಕರೆಯಬಹುದೇ? ಹಾಗೆ ಕರೆಯುವುದು ಯುಕ್ತವಲ್ಲವೆಂದು ನನ್ನ ವಿನಮ್ರ ಅಭಿಪ್ರಾಯ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಸಲ್ಲೇಖನದಲ್ಲಿ ಬಾಧೆ ಪಡುವ ಅನ್ಯಜೀವವಿಲ್ಲ. ಕಸಾಯಿಖಾನೆಯಲ್ಲಿ ಮೂಕಜೀವದ ಪ್ರಾಣವೇ ಹೋಗುತ್ತದೆ. ಕೃತ, ಕಾರಿತ, ಅನುಮೋದನ ಎಂಬ ಮೂರು ಬಗೆಯಿಂದಲೂ ಹಿಂಸೆಯನ್ನು ತ್ಯಜಿಸಬೇಕೆಂದ ಧರ್ಮದವರು ಸುಮ್ಮನಿರುವುದು ಅನುಮೋದನೆಯಾಗದೇ? ಆಕ್ಷೇಪವನ್ನು ಹಗುರವಾಗಿ ಕಾಣಲಾಗದು. ಆದರೆ ಆ ಮೂರೂ ನನ್ನ ಮನ, ವಚನ, ಕಾಯಗಳ ಮೇಲಿನ ಕಾವಲುಗಳು. ಸಂತೆಯಲ್ಲಿ ಅಂಗಡಿಯಿಟ್ಟವನ ಒಂದು ದಿನದ ದುಡಿಮೆಯನ್ನು ದಂಡದ ಭಯದಿಂದ ನಿಲ್ಲಿಸಿದರೆ ಅವನಲ್ಲಿ ಕರುಣೆ ಹುಟ್ಟುವುದಿಲ್ಲ, ನಮ್ಮ ಬಗೆಗೆ ಕಹಿ ಹುಟ್ಟುತ್ತದೆ. ಆ ಕಹಿಗೆ ಕಾರಣವಾದದ್ದು ಭಾವಹಿಂಸೆಯ ಲೆಕ್ಕಕ್ಕೆ ಬಾರದೇ? ಮರುದಿನ ಅಂಗಡಿ ತೆರೆಯುತ್ತದೆ. ಉಳಿದ ಜೀವ ಒಂದು ದಿನ ಮಾತ್ರ ಉಳಿದಿರುತ್ತದೆ.

ಹಾಗೆಂದು ಪ್ರಾಣಿಗಳ ಪರವಾಗಿ ಕಾನೂನನ್ನು ಕೇಳಲೇಬಾರದೆಂದಲ್ಲ. ಯಾವ ಕಾರಣವನ್ನು ಮುಂದಿಟ್ಟು ಕೇಳುತ್ತೇವೆ ಎಂಬುದು ಮುಖ್ಯ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯು ಯಾವ ಧರ್ಮದ ಹಬ್ಬವನ್ನೂ ಆಧರಿಸಿಲ್ಲ. ಪ್ರಾಣಿಗೆ ನೋವಿದೆ ಎಂಬ, ಎಲ್ಲ ಮತದವರೂ ಪರೀಕ್ಷಿಸಿ ಒಪ್ಪಬಹುದಾದ ಸತ್ಯವನ್ನು ಆಧರಿಸಿದೆ. ಲಾರಿಗಳಲ್ಲಿ ದನಕರುಗಳನ್ನು ಉಸಿರುಗಟ್ಟುವಂತೆ ತುಂಬುವುದನ್ನು ತಡೆಯಿರಿ ಎಂದು ಕೇಳುವಾಗ ನಾವು ಪ್ರಾಣಿಯ ಪರವಾಗಿ ಮಾತನಾಡುತ್ತೇವೆ. ನಮ್ಮ ಪರ್ವವಿದೆ, ಅಂಗಡಿ ಮುಚ್ಚಿಸಿರಿ ಎಂದು ಕೇಳುವಾಗ ನಮ್ಮ ಪರವಾಗಿ ಮಾತನಾಡುತ್ತೇವೆ. ಮೊದಲನೆಯ ಕೋರಿಕೆ ವರ್ಷದ ಎಲ್ಲ ದಿನಗಳಿಗೂ ಸಲ್ಲುವಂಥದು.

ನಂಬಿಕೆಯೊಂದು ಸಿವಿಲ್ ಕಾನೂನಿನ ಮೇಲೆ ಪ್ರಭಾವ ಬೀರಬೇಕಾದ ಸರಿಯಾದ ರೀತಿಗೆ ನಮ್ಮ ಇತಿಹಾಸದಲ್ಲಿಯೇ ದೃಷ್ಟಾಂತವಿದೆ. ಮಗನಿಟ್ಟ ಪಿಂಡದಿಂದ ತಂದೆಗೆ ಸದ್ಗತಿಯೆಂಬುದನ್ನು ಜೈನರು ನಂಬುವುದಿಲ್ಲ. ಜೀವವು ತನ್ನ ಕರ್ಮವನ್ನು ತಾನೇ ಕಳೆದುಕೊಳ್ಳಬೇಕು. ಹೀಗಾಗಿ ನಮ್ಮಲ್ಲಿ ದತ್ತಕವು ಪಾರಲೌಕಿಕ ಕರ್ಮವಾಗದೆ ಲೌಕಿಕ ವ್ಯವಹಾರವಾಗಿತ್ತು. ಗಂಡನ ಅಪ್ಪಣೆಯಿಲ್ಲದೆಯೂ ಜೈನ ವಿಧವೆಯು ದತ್ತಕ ಪಡೆಯಬಹುದೆಂಬ ಸಂಪ್ರದಾಯವನ್ನು 1878ರಲ್ಲಿ ಪ್ರಿವಿ ಕೌನ್ಸಿಲ್ ಮಾನ್ಯ ಮಾಡಿತು. ಆ ತೀರ್ಪು ಅನ್ಯರನ್ನು ಕಟ್ಟಿಹಾಕಲಿಲ್ಲ. 1956ರಲ್ಲಿ ಬಂದ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯು ಹಿಂದೂ, ಬೌದ್ಧ, ಜೈನ, ಸಿಖ್ ವಿಧವೆಯರೆಲ್ಲರಿಗೂ ತಮ್ಮ ಹಕ್ಕಿನಿಂದಲೇ ದತ್ತಕ ಪಡೆಯುವ ಅಧಿಕಾರವನ್ನಿತ್ತಿತು. ಅದಕ್ಕೆ ಆಧಾರವಾದದ್ದು ಸ್ತ್ರೀಯರ ಸಮಾನತೆಯೆಂಬ ಸರ್ವರೂ ಒಪ್ಪಬಲ್ಲ ನ್ಯಾಯ. ನಮ್ಮ ಹಿರಿಯರು ತಮ್ಮೊಳಗೆ ಬಾಳಿದ್ದೇ ಬಹುಕಾಲದ ಬಳಿಕ ಎಲ್ಲರ ಕಾನೂನಾಗಿ ಬಂದಿತು. ಅದಕ್ಕಾಗಿ ಅವರು ಯಾರ ಮೇಲೂ ಬಲವನ್ನು ಪ್ರಯೋಗಿಸಬೇಕಾಗಲಿಲ್ಲ.

ರಾಜ್ಯದಿಂದ ನಾವು ಕೇಳಬೇಕಾದದ್ದೇನೆಂಬುದನ್ನು ಶ್ರವಣಬೆಳಗೊಳದ 1368ರ ಶಾಸನ ತಿಳಿಸುತ್ತದೆ. ತಮಗೆ ಅನ್ಯಾಯವಾಗುತ್ತಿದೆಯೆಂದು ಆನೆಗೊಂದಿ, ಪೆನುಗೊಂಡೆ ಮೊದಲಾದ ಪಟ್ಟಣಗಳ ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. ದೊರೆಯು ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯ, ಕಲಶಗಳ ಹಕ್ಕು ಜೈನರಿಗೆ ಹಿಂದಿನಂತೆಯೇ ಉಳಿಯಿತು. ಜೈನರು ಮನೆಗೊಂದು ಹಣದಂತೆ ವರ್ಷಕ್ಕೆ ಕೊಟ್ಟದ್ದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿಯ ಕಾವಲು, ಮಿಕ್ಕಿದ್ದರಲ್ಲಿ ಜೀರ್ಣ ಜಿನಾಲಯಗಳ ದುರಸ್ತಿ ನಡೆಯಬೇಕೆಂದು ಗೊತ್ತಾಯಿತು. ಅದರ ಹೊಣೆಯನ್ನು ತಿರುಮಲೆಯ ತಾತಯ್ಯನೆಂಬ ವೈಷ್ಣವ ಗುರುವೇ ಹೊತ್ತರು. ಜೈನರಿಗೆ ದೊರೆತದ್ದು ರಕ್ಷಣೆ ಮತ್ತು ಮಾನ. ವೈಷ್ಣವರು ಜೈನವ್ರತವನ್ನು ಆಚರಿಸಬೇಕೆಂದು ಅವರು ಕೇಳಲಿಲ್ಲ, ದೊರೆಯೂ ವಿಧಿಸಲಿಲ್ಲ.

ಆಳುವವರ ಬಲ ಎತ್ತ ತಿರುಗೀತೆಂಬುದನ್ನು ನಮ್ಮ ಅಣ್ಣಿಗೇರಿ ಬಲ್ಲದು. ಗಂಗರ ಕಾಲದಲ್ಲಿ ಅಲ್ಲಿ ಕಟ್ಟಿಸಿದ್ದ ಬಸದಿಯನ್ನು ಚೋಳರ ಸೇನೆ ಹಾಳುಗೆಡವಿದ್ದನ್ನೂ, ಮುಂದೆ ಚಾಲುಕ್ಯರ ಮಂಡಲೇಶ್ವರ ಲಕ್ಷ್ಮರಸನು ಅದನ್ನು ಜೀರ್ಣೋದ್ಧಾರ ಮಾಡಿದ್ದನ್ನೂ ಗಾವರವಾಡದ ಹನ್ನೊಂದನೆಯ ಶತಮಾನದ ಶಾಸನ ಹೇಳುತ್ತದೆ. ಇಂದು ನಮ್ಮ ಇಷ್ಟದಂತೆ ನಡೆಯುವ ಅಧಿಕಾರ ನಾಳೆ ಬೇರೊಬ್ಬರ ಇಷ್ಟದಂತೆ ನಡೆದೀತು. ಅಲ್ಪಸಂಖ್ಯಾತರಾದವರಿಗೆ ಈ ವಿವೇಕ ಎಲ್ಲರಿಗಿಂತ ಹೆಚ್ಚಾಗಿ ಬೇಕು.

ಸಲ್ಲೇಖನದ ವಿಷಯದಲ್ಲಿಯೂ ರಾಜ್ಯಕ್ಕೆ ಒಂದು ನ್ಯಾಯವಾದ ಪಾತ್ರವಿದೆಯೆಂದು ನಾವೇ ಮುಂದಾಗಿ ಒಪ್ಪಬೇಕು. ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಒದಗಿದಾಗ ಮಾತ್ರ ಸಲ್ಲೇಖನವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ್ದಾರೆ. ಬೇಗ ಸಾಯಬೇಕೆಂಬ ಆಸೆಯನ್ನೂ ಅವರು ಅತಿಚಾರವೆಂದೇ ಎಣಿಸಿದ್ದಾರೆ. ಮನೆಗೆ ಭಾರವಾದೆನೆಂಬ ಕೊರಗಿನಿಂದಲೋ ಮಕ್ಕಳ ಮಾತಿಗೆ ಮಣಿದೋ ವೃದ್ಧೆಯೊಬ್ಬಳು ಅನ್ನ ಬಿಟ್ಟರೆ ಅದು ಸಲ್ಲೇಖನವೇ ಅಲ್ಲ. ಅಲ್ಲಿ ಬಲವಂತವಿತ್ತೇ ಎಂದು ಕಾನೂನು ವಿಚಾರಿಸಿದರೆ ಧರ್ಮಕ್ಕೆ ಅಪಚಾರವಿಲ್ಲ. ಧರ್ಮವೂ ಅದನ್ನೇ ವಿಚಾರಿಸುತ್ತದೆ.

ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಹಿಂದೂಗಳು ಚಾಂಗದೇವನೆಂದೂ ಮುಸಲ್ಮಾನರು ರಾಜಾಬಾಗಸವಾರನೆಂದೂ ಒಂದೇ ಗದ್ದುಗೆಗೆ ನಡೆದುಕೊಳ್ಳುತ್ತಾರೆ. ಕುಂದಗೋಳ, ಕಲಘಟಗಿಗಳ ಹಳ್ಳಿಗಳಲ್ಲಿ ನಾಲ್ಕಾರು ಜೈನ ಮನೆಗಳಿರುವ ಊರೂ ಉಂಟು. ಇಂಥ ನೆರೆಹೊರೆಯಲ್ಲಿ ಅಹಿಂಸೆಗೆ ಗೌರವ ಬರುವುದು ಅಹಿಂಸಕನ ನಡತೆಯಿಂದ. ಮುಂದಿನ ದಶಲಕ್ಷಣ ಪರ್ವಕ್ಕೆ ಪುರಸಭೆಗೆ ಮನವಿ ಬರೆಯುವ ಮುನ್ನ ನಾವು ನಮ್ಮ ಮನೆಯನ್ನೊಮ್ಮೆ ನೋಡಿಕೊಳ್ಳೋಣ. ಬಸದಿಗೆ ಉಟ್ಟುಹೋಗುವ ರೇಷ್ಮೆಯಲ್ಲಿ ಎಷ್ಟು ಹುಳುಗಳ ಪ್ರಾಣವಿದೆ? ಹತ್ತಿ, ಹೆಸರು, ಮೆಣಸಿನಕಾಯಿಯ ತೂಕದಲ್ಲಿ ಅಚೌರ್ಯಾಣುವ್ರತ ಉಳಿದಿದೆಯೇ? ಹೊಲದ ಆಳಿನ ಕೂಲಿ ಹೊತ್ತಿಗೆ ಸರಿಯಾಗಿ ಸಂದಿದೆಯೇ? ವಯಸ್ಸಾದ ಎತ್ತನ್ನು ಸಂತೆಗೆ ಹೊಡೆದು ಮಾರಿದವರು ಯಾರು? ಈ ಪ್ರಶ್ನೆಗಳಿಗೆ ಉತ್ತರಿಸಲು ಯಾವ ಕಚೇರಿಯ ಆದೇಶವೂ ಬೇಕಾಗಿಲ್ಲ.