ಚಿನ್ನದ ಗೊಂಬೆ ಮತ್ತು ಗೋಡೆ ಪಕ್ಕದ ಮೇಜು

ಆಸ್ಕರ್ ಪ್ರಶಸ್ತಿ ಪ್ರಕಟವಾದ ಮರುದಿನ ನಮ್ಮ ಪತ್ರಿಕೆಗಳ ಸಿನಿಮಾ ಪುಟಗಳನ್ನು ನೋಡಿ. ಕೆಂಪು ಹಾಸಿನ ಮೇಲೆ ಯಾವ ತಾರೆ ಯಾವ ಗೌನು ತೊಟ್ಟಿದ್ದಳು ಎಂಬುದೇ ಅರ್ಧ ಪುಟ. ಪಕ್ಕದಲ್ಲಿ ‘ನಿಮಗಿದು ಗೊತ್ತೇ?’ ಎಂಬ ಬಾಕ್ಸ್. ಪ್ರತಿಮೆಯ ಎತ್ತರ 34 ಸೆಂಟಿಮೀಟರ್, ತೂಕ 4 ಕಿಲೋಗೆ ಸ್ವಲ್ಪ ಕಡಿಮೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಲೋಹ ಸಿಗದೆ ಅದನ್ನು ಪ್ಲಾಸ್ಟರಿನಲ್ಲಿ ಮಾಡಿ ಹಂಚಿದ್ದರು. 1929ರ ಮೇ 16ರ ಮೊದಲ ಸಮಾರಂಭದಲ್ಲಿ ಪ್ರಶಸ್ತಿ ಹಂಚಿಕೆ ಕಾಲು ಗಂಟೆಯಲ್ಲಿ ಮುಗಿದಿತ್ತು. ಗೆದ್ದವರು ಯಾರೆಂಬುದು ಮೂರು ತಿಂಗಳು ಮೊದಲೇ ಎಲ್ಲರಿಗೂ ಗೊತ್ತಿತ್ತು. ಇವೆಲ್ಲ ನಿಜ, ಓದಲು ಸೊಗಸು ಕೂಡ. ಆದರೆ ಆ ಬಾಕ್ಸಿನಲ್ಲಿ ಎಂದೂ ಜಾಗ ಸಿಗದ ಸಂಗತಿಗಳ ಬಗ್ಗೆ ನಮಗೆ ಹೆಚ್ಚು ಕುತೂಹಲವಿದೆ.

ಪ್ರಶಸ್ತಿ ಕೊಡುವ ಅಕಾಡೆಮಿ 1927ರಲ್ಲಿ ಹುಟ್ಟಿತು. ಅದರ ಹಿಂದಿದ್ದವರು ಎಂಜಿಎಂ ಸ್ಟುಡಿಯೋದ ಮುಖ್ಯಸ್ಥ ಲೂಯಿ ಬಿ. ಮೇಯರ್. ಕಲೆಯ ಮೇಲಿನ ಪ್ರೀತಿಯಿಂದಲೇ? ಅದಕ್ಕೂ ಹಿಂದಿನ ವರ್ಷವಷ್ಟೇ ಹಾಲಿವುಡ್ಡಿನ ಬಡಗಿಗಳು, ವಿದ್ಯುತ್ ಕೆಲಸಗಾರರು ತಮ್ಮ ಸಂಘಗಳ ಬಲದಿಂದ ಸ್ಟುಡಿಯೋಗಳೊಂದಿಗೆ ಒಪ್ಪಂದ ಮಾಡಿಕೊಂಡಿದ್ದರು. ನಟರು, ಲೇಖಕರು, ನಿರ್ದೇಶಕರೂ ಅದೇ ದಾರಿ ಹಿಡಿದರೆ ಗತಿಯೇನು? ಮಾಲಕರೂ ಕಲಾವಿದರೂ ಒಂದೇ ಸೂರಿನಡಿ ಕುಳಿತರೆ ಸಂಘದ ಅಗತ್ಯವೇ ಬರುವುದಿಲ್ಲ ಎಂಬ ಲೆಕ್ಕಾಚಾರ. ಪ್ರಶಸ್ತಿ ಬಂದದ್ದು ಆಮೇಲೆ. 1933ರಲ್ಲಿ ಸ್ಟುಡಿಯೋಗಳು ಎಂಟು ವಾರಗಳ ಕಾಲ ಅರ್ಧದಷ್ಟು ಸಂಬಳ ಕಡಿತಕ್ಕೆ ಮುಂದಾದಾಗ ಅಕಾಡೆಮಿ ಮಾಲಕರ ಮಾತಿಗೆ ತಲೆಯಾಡಿಸಿತು. ಅದೇ ವರ್ಷ ನಟರೂ ಲೇಖಕರೂ ತಮ್ಮದೇ ಸಂಘ ಕಟ್ಟಿಕೊಂಡರು. 1936ರಲ್ಲಿ ಲೇಖಕ ಡಡ್ಲಿ ನಿಕೋಲ್ಸ್ ತನಗೆ ಬಂದ ಪ್ರಶಸ್ತಿಯನ್ನೇ ಬೇಡವೆಂದರು. ಆಸ್ಕರ್ ನಿರಾಕರಿಸಿದ ಮೊದಲಿಗ ಅವರು. ಮಾರ್ಲನ್ ಬ್ರಾಂಡೋರನ್ನು ಬಲ್ಲ ನಮ್ಮವರು ಈ ಹೆಸರನ್ನು ಕೇಳಿರುವುದು ಅಪರೂಪ.

1940ಕ್ಕೆ ಬನ್ನಿ. ಆ ವರ್ಷ ಲಾಸ್ ಏಂಜಲಿಸ್ ಟೈಮ್ಸ್ ಪತ್ರಿಕೆ ವಿಜೇತರ ಹೆಸರುಗಳನ್ನು ಸಮಾರಂಭಕ್ಕೆ ಮೊದಲೇ ಸಂಜೆಯ ಆವೃತ್ತಿಯಲ್ಲಿ ಅಚ್ಚು ಹಾಕಿಬಿಟ್ಟಿತು. ಇಂದು ನಾವು ನೋಡುವ ಮುಚ್ಚಿದ ಲಕೋಟೆ ಮರುವರ್ಷದಿಂದ ಬಂದದ್ದು ಈ ಕಾರಣಕ್ಕೇ. ಇದನ್ನು ಎಲ್ಲರೂ ಬರೆಯುತ್ತಾರೆ. ಆ ಹೆಸರುಗಳಲ್ಲಿ ‘ಗಾನ್ ವಿತ್ ದ ವಿಂಡ್’ ಚಿತ್ರದ ದಾಸಿಯ ಪಾತ್ರಕ್ಕಾಗಿ ಗೆದ್ದ ಹ್ಯಾಟಿ ಮೆಕ್‌ಡೇನಿಯಲ್ ಕೂಡ ಇದ್ದರು. ಆಸ್ಕರ್ ಪಡೆದ ಮೊದಲ ಕರಿಯ ಜನಾಂಗದ ಕಲಾವಿದೆ. ಸಮಾರಂಭ ನಡೆದ ಅಂಬಾಸಿಡರ್ ಹೋಟೆಲಿನೊಳಗೆ ಕರಿಯರಿಗೆ ಪ್ರವೇಶವಿರಲಿಲ್ಲ. ನಿರ್ಮಾಪಕ ಸೆಲ್ಜ್‌ನಿಕ್ ವಿಶೇಷ ಅನುಮತಿ ಕೇಳಿ ಅವರನ್ನು ಒಳಗೆ ತರಬೇಕಾಯಿತು. ಒಳಗೆ ಬಂದರೂ ಸಹನಟರ ಜೊತೆ ಕೂರುವಂತಿಲ್ಲ. ಗೋಡೆ ಪಕ್ಕದ ಪುಟ್ಟ ಮೇಜು. ಪ್ರಶಸ್ತಿ ಗೆದ್ದವರೇ ಅಲ್ಲಿ ಅಸ್ಪೃಶ್ಯರು! ಇನ್ನೊಬ್ಬ ಕರಿಯ ನಟಿಗೆ (ವೂಪಿ ಗೋಲ್ಡ್‌ಬರ್ಗ್) ಆಸ್ಕರ್ ಬರಲು 1991ರವರೆಗೆ ಕಾಯಬೇಕಾಯಿತು.

ಚರ್ಮದ ಬಣ್ಣದ ಕಥೆ ಇದಾದರೆ, ವಿಚಾರದ ಬಣ್ಣಕ್ಕೆ ಸಿಕ್ಕ ಶಿಕ್ಷೆ ಬೇರೆಯೇ. ಕಮ್ಯುನಿಸ್ಟ್ ಎಂದು ಕಪ್ಪುಪಟ್ಟಿಗೆ ಸೇರಿದ್ದ ಡಾಲ್ಟನ್ ಟ್ರಂಬೊ ಬೇರೆಯವರ ಹೆಸರಿನಲ್ಲಿ ಬರೆದು ಬದುಕುತ್ತಿದ್ದರು. 1957ರಲ್ಲಿ ‘ರಾಬರ್ಟ್ ರಿಚ್’ ಎಂಬವರ ಕಥೆಗೆ ಪ್ರಶಸ್ತಿ ಘೋಷಣೆಯಾಯಿತು. ವೇದಿಕೆಗೆ ರಿಚ್ ಬರಲಿಲ್ಲ. ಬರುವುದಾದರೂ ಹೇಗೆ? ಆ ಹೆಸರಿನ ಹಿಂದೆ ಇದ್ದದ್ದು ಟ್ರಂಬೊ. ಮರುವರ್ಷ ‘ದ ಬ್ರಿಜ್ ಆನ್ ದ ರಿವರ್ ಕ್ವಾಯ್’ ಚಿತ್ರಕಥೆಯ ಪ್ರಶಸ್ತಿ ಸಂದದ್ದು ಚಿತ್ರಕಥೆಯನ್ನೇ ಬರೆಯದ ಫ್ರೆಂಚ್ ಕಾದಂಬರಿಕಾರ ಪಿಯರ್ ಬೂಲ್ ಅವರಿಗೆ. ಟ್ರಂಬೊ ‘ರೋಮನ್ ಹಾಲಿಡೇ’ಗೆ ಬರೆದ ಕಥೆಯ ಪ್ರಶಸ್ತಿಯನ್ನು ಅವರ ಹೆಸರಿಗೆ ಕೊಟ್ಟದ್ದು 1993ರಲ್ಲಿ. ಅವರು 1976ರಲ್ಲೇ ತೀರಿಹೋಗಿದ್ದರು.

ತಪ್ಪು ಎಲ್ಲ ಸಂಸ್ಥೆಗಳೂ ಮಾಡುತ್ತವೆ, ಈಗ ಕಾಲ ಬದಲಾಗಿದೆ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. 2009ರಲ್ಲಿ ನಮ್ಮ ಎ.ಆರ್. ರೆಹಮಾನ್ ಎರಡು ಪ್ರತಿಮೆ ಹಿಡಿದು ನಿಂತಾಗ ನಾವೂ ಹೆಮ್ಮೆಪಟ್ಟೆವು. 2017ರಲ್ಲಿ ಮುಸ್ಲಿಂ ನಟ ಮಹೆರ್‌ಶಲಾ ಅಲಿ ಗೆದ್ದರು. ಆದರೆ ಅದೇ ರಾತ್ರಿ ಗೆದ್ದ ಇರಾನಿನ ಅಸ್ಗರ್ ಫರ್ಹಾದಿ ಸಭೆಯಲ್ಲಿರಲಿಲ್ಲ. ಏಳು ಮುಸ್ಲಿಂ ದೇಶಗಳ ಜನರಿಗೆ ಅಮೆರಿಕದ ಬಾಗಿಲು ಮುಚ್ಚಿದ ಆಜ್ಞೆಯನ್ನು ಪ್ರತಿಭಟಿಸಿ ಅವರು ಹೋಗಿರಲಿಲ್ಲ.

ಫೆಲೆಸ್ತೀನಿನ ವಿಷಯದಲ್ಲಂತೂ ಅಕಾಡೆಮಿಗೆ ದೇಶದ ಹೆಸರೇ ನಾಲಿಗೆಗೆ ಬರುತ್ತಿರಲಿಲ್ಲ. 2006ರಲ್ಲಿ ನಾಮಕರಣಗೊಂಡ ‘ಪ್ಯಾರಡೈಸ್ ನೌ’ ಚಿತ್ರ ಮೊದಲು ಫೆಲೆಸ್ತೀನಿನದೆಂದಿತ್ತು. ಆಕ್ಷೇಪ ಎದ್ದ ಮೇಲೆ ‘ಫೆಲೆಸ್ತೀನ್ ಪ್ರದೇಶಗಳು’ ಎಂದಾಯಿತು. 2013ರಲ್ಲಿ ‘ಫೈವ್ ಬ್ರೋಕನ್ ಕ್ಯಾಮೆರಾಸ್’ನ ನಿರ್ದೇಶಕ ಇಮಾದ್ ಬುರ್ನಾತ್‌ರನ್ನು ಆಸ್ಕರ್‌ಗೆಂದು ಬಂದಾಗ ವಿಮಾನ ನಿಲ್ದಾಣದಲ್ಲೇ ತಡೆಹಿಡಿದು ಪ್ರಶ್ನಿಸಲಾಯಿತು.

2025ರ ಮಾರ್ಚ್ 2ರಂದು ‘ನೋ ಅದರ್ ಲ್ಯಾಂಡ್’ ಅತ್ಯುತ್ತಮ ಸಾಕ್ಷ್ಯಚಿತ್ರವೆನಿಸಿತು. ವೆಸ್ಟ್ ಬ್ಯಾಂಕಿನ ಮಸಾಫರ್ ಯತ್ತಾದಲ್ಲಿ ಮನೆಗಳನ್ನು ಕೆಡವುವುದನ್ನು ಇಬ್ಬರು ಫೆಲೆಸ್ತೀನಿಯರೂ ಇಬ್ಬರು ಇಸ್ರೇಲಿಗಳೂ ಸೇರಿ ಚಿತ್ರಿಸಿದ್ದರು. ಪ್ರಶಸ್ತಿ ಬಂದ ದಿನವೂ ಅಮೆರಿಕದಲ್ಲಿ ಅದಕ್ಕೊಬ್ಬ ವಿತರಕ ಇರಲಿಲ್ಲ. ಮೂರು ವಾರ ಕಳೆಯಿತು. ಮಾರ್ಚ್ 24ರಂದು ನಿರ್ದೇಶಕರಲ್ಲೊಬ್ಬರಾದ ಹಮ್ದಾನ್ ಬಲಾಲ್ ತಮ್ಮ ಊರಿನಲ್ಲೇ ಇಸ್ರೇಲಿ ವಲಸಿಗರಿಂದ ಏಟು ತಿಂದರು. ಸೈನಿಕರು ಹಿಡಿದೊಯ್ದದ್ದೂ ಅವರನ್ನೇ. ಅಕಾಡೆಮಿ ಹೇಳಿಕೆ ಕೊಟ್ಟಿತು. ಕಲಾವಿದರ ಮೇಲಿನ ದಾಳಿಯನ್ನು ಖಂಡಿಸಿತು, ಆದರೆ ಬಲಾಲ್‌ರ ಹೆಸರಿಲ್ಲ, ಚಿತ್ರದ ಹೆಸರೂ ಇಲ್ಲ! ಅದರದ್ದೇ 600ಕ್ಕೂ ಹೆಚ್ಚು ಸದಸ್ಯರು ಸಹಿ ಹಾಕಿ ಪ್ರತಿಭಟಿಸಿದ ಬಳಿಕ ಕ್ಷಮೆ ಕೇಳಿತು, ಹೆಸರನ್ನೂ ಹೇಳಿತು.